ಕತ್ತರಿಯಕ್ಕ ಎರಡು ಇಂಚು ಕುಳ್ಳಾದದ್ದು

ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಜು ಒಂದೇ. ಇಪ್ಪತ್ತಾರು ವರ್ಷದಿಂದ ಅದರ ಮುಂದೆ ನಿಂತವಳೂ ಒಬ್ಬಳೇ. ಎಲ್ಲರೂ ಅವಳನ್ನು ಕತ್ತರಿಯಕ್ಕ ಎನ್ನುತ್ತಿದ್ದರು. ಎಂಟು ಪದರ ಬಟ್ಟೆಯ ಮೇಲೆ ಅವಳು ಕತ್ತರಿ ಓಡಿಸಿದರೆ ಒಂದು ನೂಲು ಆಚೀಚೆ ಆಗುತ್ತಿರಲಿಲ್ಲ.

ನಲವತ್ತೆಂಟಕ್ಕೆ ಅವಳ ಮುಟ್ಟು ನಿಂತಿತು. ಸುದ್ದಿ ಹೇಗೋ ಮಾಲೀಕನ ಕಿವಿಗೆ ಬಿತ್ತು. ಇಂಥ ವಿಷಯಕ್ಕೆ ಮಾತ್ರ ಆ ಮಹಾಶಯನ ಕಿವಿ ಬಲು ಚುರುಕು.

"ಒಳ್ಳೇದಾಯ್ತು ಬಿಡಿ ಅಕ್ಕ, ಇನ್ನು ಹೊಟ್ಟೆನೋವು, ರಜೆ ಅನ್ನೋ ರಗಳೆ ಇಲ್ಲ," ಎಂದು ಹಲ್ಲು ಕಿರಿದ. ಅವತ್ತಿನಿಂದ ಬಟ್ಟೆಯ ಥಾನುಗಳನ್ನು ಗೋದಾಮಿನಿಂದ ಎತ್ತಿ ತರುವುದೂ ಅವಳ ಪಾಲಿಗೇ ಬಂತು. ಒಂದೊಂದು ಸುರುಳಿ ಇಪ್ಪತ್ತು ಕಿಲೋ. ತನ್ನ ಊಟದ ಡಬ್ಬಿಯನ್ನೂ ಇನ್ನೊಬ್ಬರ ಕೈಲಿ ತರಿಸುವ ಗಂಡಸು ಹಂಚಿದ ಕೆಲಸ ಅದು!

ಎಂಟು ವರ್ಷ ಹೊತ್ತಳು. ಒಮ್ಮೆ ಬೆನ್ನಲ್ಲಿ ಚಳಕ್ ಎಂದಿತು. ಮುಲಾಮು ಹಚ್ಚಿಕೊಂಡು ಸುಮ್ಮನಾದಳು.

ಅದಾಗಿ ಕೆಲವು ತಿಂಗಳಿಗೆ ತಾನೇ ಹೊಲಿದುಕೊಂಡ ಉದ್ದನೆಯ ಅಂಗಿ ಕಾಲಿಗೆ ತೊಡರಿ ಮುಗ್ಗರಿಸಿದಳು.

"ಬಟ್ಟೆ ಜಗ್ಗಿರುತ್ತೆ. ಅಂಚು ಮಡಚಿ ಹೊಲಿದ್ರೆ ಆಯ್ತು," ಎಂದ ಮಾಲೀಕ.

ಒಗೆದ ಹತ್ತಿಬಟ್ಟೆ ಕುಗ್ಗುತ್ತದೆಯೇ ಹೊರತು ಜಗ್ಗುವುದಿಲ್ಲ. ಹೊಲಿಗೆ ಕಾರ್ಖಾನೆ ಇಟ್ಟುಕೊಂಡವನಿಗೆ ಅಷ್ಟೂ ತಿಳಿಯದು. ಅವಳು ಮರೆಯಲ್ಲಿ ಬೇರೆ ಉಡುಪು ತೊಟ್ಟು, ಬಿಚ್ಚಿದ ಅಂಗಿಗೆ ಟೇಪು ಹಿಡಿದಳು. ಭುಜದಿಂದ ಅಂಚಿಗೆ ಐವತ್ತೆರಡು ಇಂಚು, ಕತ್ತರಿಸಿದಾಗ ಇದ್ದಷ್ಟೇ. ಬಳಿಕ ಗೋಡೆಗೆ ಒರಗಿ ನಿಂತು, ಗುಂಡಿಯಮ್ಮನಿಂದ ತಲೆಯ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಹಾಕಿಸಿದಳು. ಕಿಟಕಿಯ ಬಳಿ ಗುಂಡಿ ಹೊಲಿಯುವ ಈ ಗೂನುಬೆನ್ನಿನ ಮುದುಕಿ ಹಿಂದೆ ಅದೇ ಮೇಜಿನಲ್ಲಿ ಕತ್ತರಿ ಹಿಡಿದಿದ್ದವಳು.

ಅಳೆದರೆ, ಆ ಅಂಗಿ ಹೊಲಿಯುವಾಗ ಇದ್ದ ಎತ್ತರಕ್ಕಿಂತ ಎರಡು ಇಂಚು ಕಡಿಮೆ!

"ನಂಗೂ ಹಿಂಗೇ ಶುರುವಾಗಿದ್ದು ಕಣೇ," ಎಂದಳು ಗುಂಡಿಯಮ್ಮ. "ವಯಸ್ಸು ಅಂದ್ರು. ಹೂಂ ಅಂದೆ."

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಟಿವಿಯಿಂದ ಕಣ್ಣು ಕೀಳಲಿಲ್ಲ. "ಈ ವಯಸ್ಸಲ್ಲಿ ಎತ್ತರ ಯಾಕೆ? ಮಿಲಿಟ್ರಿ ಸೇರ್ತೀಯಾ?" ಎಂದು ತನ್ನ ಜೋಕಿಗೆ ತಾನೇ ಕುಲುಕುಲು ನಕ್ಕ. ಮೂವತ್ತು ವರ್ಷ ಅವಳ ಕೈಯ ಅನ್ನ ತಿಂದ ಬಾಯಿ ಅದು.

ಮರುದಿನ ಒಬ್ಬಳೇ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದರು.

"ಬೆನ್ನಲ್ಲಿ ಎರಡು ಮೂಳೆ ಕುಸಿದಿವೆ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತೆ. ಯಾರೂ ಹೇಳ್ಲಿಲ್ವಾ?"

"ರಗಳೆ ಮುಗೀತು ಅಂದ್ರು, ಡಾಕ್ಟ್ರೇ."

"ಮಾತ್ರೆ ತಪ್ಪಿಸ್ಬೇಡಿ. ದಿನಾ ನಡೀರಿ. ಭಾರ ಮಾತ್ರ ಎತ್ತಲೇಬೇಡಿ. ಇನ್ನೊಂದು ಮೂಳೆ ಕುಸಿದ್ರೆ ನೆಟ್ಟಗೆ ನಿಲ್ಲೋದೇ ಕಷ್ಟ ಆಗುತ್ತೆ."

ನೆಟ್ಟಗೆ ನಿಲ್ಲಲಾರದವಳಿಗೆ ಕತ್ತರಿ ಮೇಜು ಎಲ್ಲಿಂದ ಬರಬೇಕು? ಮಾರನೆಯ ಬೆಳಿಗ್ಗೆ ಕಾರ್ಖಾನೆಗೆ ಹೋದವಳೇ ಡಾಕ್ಟರಮ್ಮ ಬರೆದ ಚೀಟಿಯನ್ನು ಮಾಲೀಕನ ಮುಂದಿಟ್ಟು, ಭಾರ ಎತ್ತಬಾರದಂತೆ ಎಂದಳು. ಅವನು ಓದಲೂ ಇಲ್ಲ.

"ಹಾಗಾದ್ರೆ ನೀವೂ ಗುಂಡಿ ಹಾಕ್ಕೊಂಡು ಕೂತ್ಕೊಳ್ಳಿ."

"ಕೂರಲ್ಲ ಸಾರ್. ಕತ್ತರಿಸ್ತೀನಿ. ಥಾನು ಎತ್ತಲ್ಲ."

"ಮತ್ತೆ ಯಾರು ಎತ್ತಬೇಕು?"

"ನೀವೇ. ನಿಮಗಿನ್ನೂ ಮುಟ್ಟು ನಿಂತಿಲ್ವಲ್ಲ!"

ಹೊಲಿಗೆ ಯಂತ್ರಗಳೆಲ್ಲ ಗಪ್ಪನೆ ನಿಂತವು. ಮರುಕ್ಷಣ ಇಪ್ಪತ್ತು ಹೆಂಗಸರ ನಗು ತಗಡಿನ ಮಾಡಿಗೆ ಬಡಿಯಿತು. ಮಾಲೀಕನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಹೊರಗೆ ಹೋಗು ಎನ್ನಲು ಬಾಯಿ ತೆರೆದ. ಆದರೆ ಸೋಮವಾರದೊಳಗೆ ಶಾಲೆಗೆ ಒಪ್ಪಿಸಬೇಕಾದ ಆರುನೂರು ಅಂಗಿಗಳಲ್ಲಿ ಒಂದನ್ನೂ ಕತ್ತರಿಸಿರಲಿಲ್ಲ. ಗುಂಡಿಯಮ್ಮನಿಗೆ ಈಗ ಮೇಜಿನ ಮುಂದೆ ನಿಲ್ಲಲಾಗದು; ಕತ್ತರಿಯಕ್ಕನನ್ನು ಬಿಟ್ಟರೆ ಅಲ್ಲಿ ಇನ್ನಾರಿಗೂ ಆ ಕೆಲಸ ಬರುತ್ತಿರಲಿಲ್ಲ. ಅವನಿಗಂತೂ ಕತ್ತರಿಯ ಯಾವ ತೂತಿಗೆ ಹೆಬ್ಬೆರಳು ಎಂಬುದೇ ಗೊತ್ತಿಲ್ಲ.

ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಗೋದಾಮಿಗೆ ಹೋದ. ಒಂದು ಥಾನನ್ನು ಅರ್ಧ ಹೊತ್ತು, ಅರ್ಧ ಎಳೆದು, ಏದುಸಿರು ಬಿಡುತ್ತ ಮೇಜಿನ ಮೇಲೆ ಕೆಡವಿ ಕುರ್ಚಿಯಲ್ಲಿ ಕುಸಿದ. "ಅಯ್ಯೋ, ನನ್ನ ಸೊಂಟ!"

ಕತ್ತರಿಯಕ್ಕ ಬಟ್ಟೆ ಹಾಸಿ, ಸುಕ್ಕು ಸವರಿದಳು.

"ಇದು ಬಿಳೀದು ಸಾರ್. ಇನ್ನು ನೀಲಿದು ಐದು ಬೇಕು."