ಕಣ್ಣಿಗೆ ತಾಗಬಾರದ ತೆಂಗಿನ ಹಾಲು

ಇನ್ನಂಜೆಯ ಜೆರ್ಟ್ರೂಡಳಿಗೆ ಯಾರು ಎದುರಾದರೂ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಎಂತ, ಹುಷಾರಿಲ್ವಾ?"

ಹುಷಾರಿಗೆ ಏನೂ ಆಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳು ಬೆಳಕು ಹರಿಯುವ ಮೊದಲೇ ಎದ್ದು ಮಲ್ಲಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನವರು ಬರುವುದರೊಳಗೆ ಮುಗಿಸಬೇಕಿತ್ತು. ಆ ಹೂವಿನಿಂದಲೇ ತಮ್ಮ ಡೆರಿಕ್ ಓದಿ ಕುವೈತಿಗೆ ಹೋದ, ಇಬ್ಬರು ತಂಗಿಯರ ಮದುವೆಯಾಯಿತು. ಅಷ್ಟರಲ್ಲಿ ಅವಳ ರೆಪ್ಪೆಯ ಚರ್ಮ ಜೋತುಬಿದ್ದು, ಕಣ್ಣಿನ ಕೆಳಗೆ ಚೀಲ ಕಟ್ಟಿತ್ತು. ಎಷ್ಟು ನಿದ್ದೆ ಮಾಡಿದರೂ ಅದು ಇಳಿಯಲಿಲ್ಲ.

ಅವಳಿಗೊಂದು ಆಸೆ ಇತ್ತು, ಯಾರಲ್ಲೂ ಹೇಳಿಕೊಂಡದ್ದಲ್ಲ. ಮದುವೆಯ ಹಿಂದಿನ ಸಂಜೆ ಮದುಮಗಳನ್ನು ಚಪ್ಪರದಲ್ಲಿ ಕೂರಿಸಿ, ನೆಂಟರಿಷ್ಟರು ಒಬ್ಬೊಬ್ಬರಾಗಿ ಬಂದು ಹಣೆಗೆ, ಕೆನ್ನೆಗೆ, ತಲೆಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ. ತಂಗಿಯರ ರೋಸಿಗೆ, ತಮ್ಮನ ರೋಸಿಗೆ, ಕಾಯಿ ಹೆರೆದು ಹಾಲು ಹಿಂಡಿದವಳು ಅವಳೇ. ಒಂದು ಸಲವಾದರೂ ತಾನು ಅಲ್ಲಿ ಸುಮ್ಮನೆ ಕೂತು, ಬೇರೆಯವರ ಕೈ ತನ್ನ ಮುಖ ಸವರಬೇಕು ಎಂದು ಹಿಂಡುವಾಗೆಲ್ಲ ಅನಿಸುತ್ತಿತ್ತು.

ನಲವತ್ತು ದಾಟಿದ ಮೇಲೆ ಸಂಬಂಧ ಬಂತು. ಬಜಗೋಳಿಯಲ್ಲಿ ಟಯರ್ ಅಂಗಡಿ ಇಟ್ಟುಕೊಂಡಿದ್ದ ಬ್ಯಾಪ್ಟಿಸ್ಟ್, ಹೆಂಡತಿ ತೀರಿಹೋದವನು. ನೋಡಲು ಬಂದವನು ಚಾ ಕುಡಿಯುತ್ತಾ ಕೇಳಿದ, "ನಿಮಗೆ ಈ ಮದುವೆ ಇಷ್ಟ ಉಂಟಲ್ವಾ?" ಅವಳು ಹೌದು ಎಂದಳು. ಚಪ್ಪಲಿ ಹಾಕುವಾಗ ಮತ್ತೆ ಕೇಳಿದ. ಗೇಟಿನ ಹತ್ತಿರ ಇನ್ನೊಮ್ಮೆ.

"ನಿನ್ನ ಮುಖ ನೋಡಿ ಅವರಿಗೆ ಸಂಶಯ ಅಕ್ಕಾ," ಎಂದಳು ಡೆರಿಕನ ಹೆಂಡತಿ ಶರೋನ್. "ಬಲವಂತಕ್ಕೆ ಕೂರಿಸಿದ್ದಾರೆ ಅಂತ ತಿಳ್ಕೊಂಡಿದ್ದಾರೆ ಪಾಪ!"

ಶರೋನ್ ನಗುತ್ತಲೇ ಹೇಳಿದ್ದು. ಆದರೆ ಜೆರ್ಟ್ರೂಡಳಿಗೆ ಅದು ನಾಟಿತು. ಡೆರಿಕ್ ಫೋನಿನಲ್ಲಿ, "ಮಣಿಪಾಲದಲ್ಲಿ ಎಲ್ಲಾ ಉಂಟು, ಮಾಡಿಸಿಕೋ. ನನ್ನ ಲೆಕ್ಕದಲ್ಲಿ," ಎಂದಾಗ ಅವಳು ಬೇಡ ಎನ್ನಲಿಲ್ಲ.

ಡಾಕ್ಟರು ಕನ್ನಡಿ ಕೊಟ್ಟು ವಿವರಿಸಿದರು. ಕಿವಿಯ ಪಕ್ಕ ಕೊಯ್ದು ಇಡೀ ಮುಖದ ಚರ್ಮವನ್ನೇ ಎಳೆದು ಹೊಲಿಯಬಹುದು. ಹಣೆಯ ಗೆರೆಗಳಿಗೆ ಇಂಜೆಕ್ಷನ್ ಉಂಟು, ಕೆಲವು ತಿಂಗಳು ನಿಲ್ಲುತ್ತದೆ. ಮದ್ದು ಹಚ್ಚಿ ಮೇಲಿನ ಪದರ ಸುಲಿದು ಬಣ್ಣ ತಿಳಿ ಮಾಡಬಹುದು. ಮೂಗು ಬೇಕಾದರೂ ತಿದ್ದಬಹುದು.

"ಮೂಗು ಇರ್ಲಿ ಡಾಕ್ಟ್ರೇ, ಅದು ನನ್ನ ಅಪ್ಪನದ್ದು," ಎಂದಳು ಅವಳು. "ಸುಸ್ತಾದ ಹಾಗೆ ಕಾಣಬಾರದು, ಅಷ್ಟೇ."

ಹಾಗಾದರೆ ರೆಪ್ಪೆಗಳು ಸಾಕು ಎಂದಾಯಿತು. ಶರೋನ್ ಕ್ಯಾಲೆಂಡರ್ ನೋಡಿದಳು. ಕ್ರಿಸ್ಮಸ್ ಕಳೆದ ಮೇಲೆ ಆಪರೇಷನ್, ಜನವರಿ ಕೊನೆಗೆ ಇಗರ್ಜಿಯಲ್ಲಿ ಮದುವೆ. ಹೊಲಿಗೆ ಬಿಚ್ಚಿ, ಬಾವು ಇಳಿದು, ಫೋಟೋಕ್ಕೆ ಸರಿಯಾಗುತ್ತದೆ.

ಆಪರೇಷನ್ ಆಯಿತು. ಎರಡು ದಿಂಬು ಇಟ್ಟು ಅಂಗಾತ ಮಲಗಬೇಕಿತ್ತು, ಐಸಿನ ಬಟ್ಟೆ ಬದಲಿಸುತ್ತಿರಬೇಕಿತ್ತು. ಅಷ್ಟು ವರ್ಷಗಳಲ್ಲಿ ಅವಳು ಮೊಗ್ಗು ಕೊಯ್ಯದೆ ಮಲಗಿದ್ದು ಆಗಲೇ. ಹೊಲಿಗೆ ಬಿಚ್ಚಿದ ದಿನ ಡಾಕ್ಟರು, "ಚೆನ್ನಾಗಿ ಬಂದಿದೆ. ಇನ್ನೂ ಒಂದು ತಿಂಗಳು ಮುಖ ತಿಕ್ಕಬೇಡಿ. ಎಣ್ಣೆಗಿಣ್ಣೆ ಕಣ್ಣಿಗೆ ತಾಗಲೇಬಾರದು," ಎಂದರು.

ಹೊರಗೆ ಬಂದ ಮೇಲೆ ಶರೋನ್ ಅಲ್ಲೇ ನಿಂತಳು. "ಅಕ್ಕಾ... ರೋಸ್!"

ಮನೆಯಲ್ಲಿ ತಾಯಿ ಮ್ಯಾಗ್ಡಲಿನ್ ಸೊಸೆಯನ್ನು ಬಿಡಲಿಲ್ಲ. "ಇಗರ್ಜಿಯ ಲೆಕ್ಕ ಹಾಕಿದ್ರಿ, ಚಪ್ಪರದ ಲೆಕ್ಕ ಹಾಕ್ಲಿಲ್ವಾ? ರೋಸ್ ಎಂತ ಮದುವೆಯ ಹೊರಗಾ?"

"ಕಾರ್ಡಿನಲ್ಲಿ ಮದುವೆಯ ತಾರೀಕು ಮಾತ್ರ ಇದ್ದದ್ದು ಮಾಯ್..."

"ಬಿಡಿ ಮಾಯ್, ನನಗೂ ನೆನಪಾಗ್ಲಿಲ್ಲ," ಎಂದಳು ಜೆರ್ಟ್ರೂಡ್. ಅದೇ ಅವಳಿಗೆ ಹೆಚ್ಚು ಸಂಕಟ ಕೊಟ್ಟದ್ದು. ಇಷ್ಟು ವರ್ಷ ಕಾದಿದ್ದನ್ನು ತಾನೇ ಮರೆತಿದ್ದಳು.

ಮದುವೆ ಮುಂದೆ ಹಾಕುವ ಹಾಗಿರಲಿಲ್ಲ, ಇಗರ್ಜಿಯಲ್ಲಿ ಮದುವೆ ಮಾಡಿಸದ ನೋಂಬಿನ ಕಾಲ ಹತ್ತಿರ ಬಂದಿತ್ತು. ರೋಸ್ ನಡೆಯಿತು. ಹಾಡು ಹೇಳಿದರು, ಹಾಲನ್ನು ಕೈಗೆ, ಪಾದಕ್ಕೆ ಹಚ್ಚಿದರು. ಹೊಸ ಪೇಂಟಿನ ಗೋಡೆ ಕಾಯುವವರ ಹಾಗೆ ಶರೋನ್ ಪಕ್ಕದಲ್ಲೇ ನಿಂತಿದ್ದಳು. "ಮುಖ ಬೇಡ ಆಂಟಿ, ಮುಖ ಬೇಡ!"

"ಕೈಕಾಲಿಗೆ ಮಾತ್ರ ಮದುವೆಯಾ ಮಾರಾಯ್ತಿ?" ಎಂದು ಸೋದರಮಾವ ವಿಲ್ಫ್ರೆಡ್ ಚಪ್ಪರವನ್ನೆಲ್ಲ ನಗಿಸಿದ. ಜೆರ್ಟ್ರೂಡಳೂ ನಕ್ಕಳು. ಕೊನೆಗೆ ತಾಯಿ ಬಂದು, ಹಾಲಿನಲ್ಲಿ ಅದ್ದಿದ ಕೈ ಎತ್ತಿದವಳು ನೆನಪಾಗಿ ಇಳಿಸಿ, ಸೆರಗಿಗೆ ಒರೆಸಿಕೊಂಡು ಹೋದಳು. ಜೆರ್ಟ್ರೂಡ್ ಆಮೇಲೆ ನಗಲಿಲ್ಲ.

ಫೋಟೋಗಳು ಚಂದ ಬಂದವು. ಹತ್ತು ವರ್ಷ ಕಡಿಮೆ ಕಾಣುತ್ತದೆ ಎಂದರು. ಬಜಗೋಳಿಯಲ್ಲಿ ಯಾರೂ ಹುಷಾರಿಲ್ವಾ ಎಂದು ಕೇಳಲಿಲ್ಲ. ಬಟ್ಟೆ ಒಗೆದು, ಅಡುಗೆ ಮಾಡಿ, ಅಂಗಡಿಯ ಕೆಲಸದವರಿಗೆ ಊಟ ಕಳಿಸಿ, ನಿಜವಾಗಿ ಸೋತು ಕೂತಾಗಲೂ ಕೇಳಲಿಲ್ಲ.

ಡಾಕ್ಟರು ಇನ್ನು ತೊಂದರೆ ಇಲ್ಲ ಎಂದ ಮೇಲಿನ ಭಾನುವಾರ, ಇಗರ್ಜಿಯ ಪೂಜೆ ಮುಗಿಸಿ ಬಂದು ಸಾರಿಗೆಂದು ಕಾಯಿ ಹೆರೆದವಳು ಇನ್ನೂ ಒಂದು ಕಾಯಿ ಒಡೆದಳು. ಹಾಲು ಹಿಂಡಿ ಬಟ್ಟಲಿಗೆ ತುಂಬಿ, ಹಿತ್ತಿಲ ಬಾವಿಕಟ್ಟೆಯಲ್ಲಿದ್ದ ಗಂಡನ ಮುಂದೆ ಹಿಡಿದಳು.

"ಎಂತ ಇದು, ಪಾಯಸವಾ?"

"ರೋಸ್. ನೀವು ಹಚ್ಚಬೇಕು."

"ಮದುವೆಯಾಗಿ ತಿಂಗಳು ಆಯ್ತಲ್ಲ! ಗಂಡ ಹಚ್ಚುವ ಕ್ರಮ ಎಲ್ಲುಂಟು?"

"ಇಲ್ಲ. ಆದ್ರೂ ಹಚ್ಚಿ."

ಅವಳು ಒಗೆಯುವ ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿದಳು. ಬ್ಯಾಪ್ಟಿಸ್ಟ್ ಆಚೆ ಈಚೆ ನೋಡಿ, ಬಟ್ಟಲಿಗೆ ಕೈ ಅದ್ದಿದ. ಟಯರ್ ಬಿಚ್ಚಿ ಬಿಚ್ಚಿ ಒರಟಾದ ಕೈ. ಹಣೆಗೆ ಹಚ್ಚಿದ, ಕೆನ್ನೆಗೆ ಹಚ್ಚಿದ, ರೆಪ್ಪೆಯ ಹತ್ತಿರ ಬಂದಾಗ ಹೆದರಿ ಕಿರುಬೆರಳಿನಿಂದ ಮುಟ್ಟಿದ. ಉಳಿದದ್ದನ್ನು ತಲೆಗೆ ಹೊಯ್ದ. ಹಾಲು ಮೂಗಿನಿಂದ ಇಳಿದು ಸೀರೆಗೆ ತೊಟ್ಟಿಕ್ಕಿತು.

ಅವಳು ಏಳಲಿಲ್ಲ.

"ಆಯ್ತು. ನೀರು ಸೇದಬೇಕಾ? ಎಂತ, ಹುಷಾರಿಲ್ವಾ?"

"ಸುಸ್ತಾಗಿದೆ," ಎಂದಳು ಜೆರ್ಟ್ರೂಡ್, ಕಣ್ಣು ತೆರೆಯದೆ. "ಸ್ವಲ್ಪ ಹೊತ್ತು ಹೀಗೇ ಕೂತ್ಕೊಳ್ತೇನೆ."