ಅತ್ತೆ ಕೀಳದ ಮಿಡಿಸೌತೆ

ಮಿಡಿ ಎಂದರೆ ಇನ್ನೂ ಬಲಿಯದ ಎಳೆಗಾಯಿ. ಇಷ್ಟು ಕಡೂರು ಸೀಮೆಯ ಮಕ್ಕಳಿಗೂ ಗೊತ್ತು. ಆದರೂ ಯಗಟಿ ಹತ್ತಿರದ ನಮ್ಮ ಹೊಲಕ್ಕೆ ಮೊದಲ ಸಲ ಮಿಡಿಸೌತೆ ಹಾಕಿದಾಗ ನನ್ನ ಮಾನ ಹೋಗುವುದೊಂದು ಬಾಕಿಯಿತ್ತು. ಕಂಪನಿಯವರು ಅದನ್ನು ಗರ್ಕಿನ್ ಅನ್ನುತ್ತಾರೆ. ಬೀಜ ಅವರೇ ಕೊಟ್ಟು, ದಿನಾ ಸಂಜೆ ವ್ಯಾನ್ ತಂದು ಕಾಯಿ ಒಯ್ಯುತ್ತಾರೆ. ಉಪ್ಪುನೀರಿನಲ್ಲಿ ನೆನೆದು, ಹಡಗು ಹತ್ತಿ, ಯಾವುದೋ ದೇಶದಲ್ಲಿ ಬ್ರೆಡ್ಡಿನ ನಡುವೆ ಕೂರುತ್ತದಂತೆ. ನಮ್ಮವರಂತೂ ಮೂಸಿಯೂ ನೋಡುವುದಿಲ್ಲ. ಕಿರುಬೆರಳಿನಷ್ಟಿದ್ದರೆ ಅದಕ್ಕೆ ಬೆಲೆ. ಒಂದೆರಡು ದಿನ ಬಿಟ್ಟರೆ ದನಕ್ಕೆ.

ರಾಗಿ ಹೊಲದಲ್ಲಿ ಅರ್ಧ ಎಕರೆ ಬಿಡಿಸಿಕೊಳ್ಳಲು ಮನೆಯವರ ಹತ್ತಿರ ತಿಂಗಳುಗಟ್ಟಲೆ ಬಾಯಿ ನೋಯಿಸಿಕೊಂಡಿದ್ದೆ. ಇದು ಕೆಟ್ಟರೆ ಈ ಜನ್ಮದಲ್ಲಿ ನನ್ನ ಮಾತು ಯಾರೂ ಕೇಳುತ್ತಿರಲಿಲ್ಲ. ಅತ್ತೆಗಂತೂ ಮೊದಲಿಂದಲೂ ಒಪ್ಪಿಗೆಯಿಲ್ಲ.

“ಎಳೇ ಮಿಡಿ ಕೀಳೋದಾ? ಬಳ್ಳಿ ಶಾಪ ಹಾಕ್ತದೆ ಕಣೇ.”

“ಮಾವಿನ ಮಿಡಿ ಕಿತ್ತು ಜಾಡಿಗಟ್ಟಲೆ ಉಪ್ಪಿನಕಾಯಿ ಹಾಕ್ತೀರಲ್ಲ ಅತ್ತೆ, ಆಗ ಮರ ಏನೂ ಅನ್ನಲ್ವಾ?”

“ಮರ ಗಟ್ಟಿಜೀವ, ತಡ್ಕಂತದೆ. ಬಳ್ಳಿ ಬಾಣಂತಿ ಇದ್ದಂಗೆ. ಬಾಯಿ ಜೋರು ನಿಂದು!”

ಕೊಯ್ಲು ಶುರುವಾಗಿ ವಾರವಾಗಿತ್ತು. ತಮ್ಮನ ಮಗುವಿನ ನಾಮಕರಣಕ್ಕೆಂದು ಅಜ್ಜಂಪುರದ ತವರಿಗೆ ಹೊರಟೆ. ದಿನಾ ಬೆಳಿಗ್ಗೆ ಕೀಳಿಸಿ ಎಂದು ಅತ್ತೆಗೆ ಹತ್ತು ಸಲ ಹೇಳಿದ್ದೆ. ಮೂರನೇ ದಿನ ಬಂದು ಎಲೆ ಎತ್ತಿ ನೋಡಿದರೆ, ಅಯ್ಯೋ ಶಿವನೇ, ಒಂದೊಂದೂ ಗೇಣುದ್ದ! ಎರಡು ಸಂಜೆಯೂ ವ್ಯಾನಿನವನಿಗೆ ‘ನಾಳೆ ಬಾರಪ್ಪ’ ಎಂದು ಮಜ್ಜಿಗೆ ಕುಡಿಸಿ ಕಳಿಸಿದ್ದರಂತೆ.

“ನೋಡು, ಹೆಂಗೆ ಮೈ ತುಂಬ್ಕಂಡವೆ! ನಿನ್ ಕೈಲಿ ಒಂದಿನಾದ್ರೂ ಹಿಂಗೆ ಬೆಳೆದಿದ್ವಾ?” ಅತ್ತೆಯ ಮುಖದಲ್ಲಿ ಎಂಥ ಹೆಮ್ಮೆ ಅಂತೀರಿ! ನಾನು ಬದುವಿನ ಮೇಲೆ ಕುಸಿದು ಕೂತೆ.

ಸಂಜೆ ವ್ಯಾನಿನವನು ಕಾಯಿ ನೋಡಿದವನೇ ಕೆಂಡವಾದ. “ಇದನ್ನ ಯಾರ್ರೀ ತಗಂತಾರೆ? ನಿಮ್ಮ ಹೆಸರು ತೆಗೆದು ಬೇರೆಯವರಿಗೆ ಬೀಜ ಕೊಡ್ತೀನಿ. ಎರಡು ದಿನ ಕೀಳದೆ ಬಿಡಿ ಅಂದಿದ್ದು ಯಾರು?”

ನನಗೆ ಅತ್ತೆಯ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಹೊರಗಿನವನೆದುರು ಅವರನ್ನು ಹೇಗೆ ತೋರಿಸಲಿ? ನಾನೇ ಅಂದುಬಿಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದೆ ಬಂದರು.

“ನಾನೇ ಕಣಪ್ಪ. ನನ್ ಬುದ್ಧಿಗೇಡಿತನ. ಬೈಯೋದಾದ್ರೆ ನನ್ನ ಬೈಯಿ, ಅವಳ ಹೆಸ್ರು ಮಾತ್ರ ತೆಗೀಬ್ಯಾಡ. ಹೊಲ ನಮ್ದು, ಬೆಳೆ ಅವಳ್ದು.”

ಆ ಮನೆ ಸೇರಿ ಹನ್ನೊಂದು ವರ್ಷವಾಗಿತ್ತು. ಅಲ್ಲಿರುವ ಏನನ್ನಾದರೂ ಅತ್ತೆ ನನ್ನದು ಎಂದದ್ದು ಅದೇ ಮೊದಲು. ಸಿಟ್ಟು ಎಲ್ಲಿ ಹೋಯಿತೋ, ವ್ಯಾನಿನವನ ಮುಂದೆಯೇ ಅತ್ತುಬಿಟ್ಟೆ. ಅವನಿಗೂ ಏನನ್ನಿಸಿತೋ, “ನಾಳೆಯಿಂದ ಸರಿಯಾಗಿ ಕೊಡ್ರಮ್ಮ” ಎಂದಷ್ಟೇ ಹೇಳಿ ಹೊರಟ.

“ಅಳೋದು ಆಮೇಲೆ. ದಪ್ಪನವು ಕಿತ್ತು ದನಕ್ಕೆ ಹಾಕನ, ಸಣ್ಣವು ನಾಳೆ ವ್ಯಾನಿಗೆ ಎತ್ತಿಡನ ಬಾ” ಎನ್ನುತ್ತಾ ಅತ್ತೆ ಸೆರಗು ಸಿಕ್ಕಿಸಿಕೊಂಡು ಬಳ್ಳಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.