ಮೂಸಿದ ಹೂವು

ಮನುಷ್ಯನನ್ನು ಕೆಡಿಸುವ ವೈರಿಗಳು ಆರು ಎಂದು ತಿಳಿದವರು ಹೇಳಿದ್ದಾರೆ. ಕಾಮದಿಂದ ಮತ್ಸರದವರೆಗೆ ಎಲ್ಲವನ್ನೂ ಎಣಿಸಿದ ಆ ಮಹಾತ್ಮರು ಮೂಗನ್ನು ಹೇಗೆ ಬಿಟ್ಟರೋ ತಿಳಿಯದು. ನನ್ನನ್ನು ಕೆಡಿಸಿದ್ದು ಅದೇ.

ಆಗೆಲ್ಲ ಹೊಳಲ್ಕೆರೆ ಕಡೆಯ ನಮ್ಮೂರಿಗೆ ದೀಪಾವಳಿಯ ಹೂ ಅಂಗಡಿಯಿಂದ ಬರುತ್ತಿರಲಿಲ್ಲ, ಗುಡ್ಡದಿಂದ ಇಳಿದು ಬರುತ್ತಿತ್ತು. ಹಬ್ಬದ ದಿನ ಅಜ್ಜಿ ಸಗಣಿಯಲ್ಲಿ ಹಟ್ಟಿ ಲಕ್ಕವ್ವನನ್ನು ಮಾಡಿ ಅಂಗಳದಲ್ಲಿ ಕೂರಿಸುತ್ತಿದ್ದಳು. ತಂಗಡಿ, ಅಣ್ಣೆ, ಉತ್ತರಾಣಿ, ಹೀಗೆ ಕಾಡಿನ ಹೂವೇ ಆಕೆಗೆ ಆಗಬೇಕು. ಎಲ್ಲರಿಗಿಂತ ಚೆಂದದ ಹೂ ತಂದವರ ಕೈಯಿಂದಲೇ ಮೊದಲ ಹೂ ಮುಡಿಸುವುದು ನಮ್ಮ ಮನೆಯ ಪದ್ಧತಿ.

ನನಗೆ ಹತ್ತು ತುಂಬಿದ ವರ್ಷ ನನ್ನನ್ನೂ ಗುಡ್ಡಕ್ಕೆ ಕಳಿಸಿದರು. ಜೊತೆಗೆ ದೊಡ್ಡಪ್ಪನ ಮಗ ತಿಪ್ಪೇಶಣ್ಣ. ಹಿಂದಿನ ಮೂರು ವರ್ಷವೂ ಮೊದಲ ಹೂ ಮುಡಿಸಿದ್ದು ಅವನೇ. ಈ ಸಾಮ್ರಾಜ್ಯ ಕೊನೆಯಾಗಬೇಕೆಂದು ನಾನು ತೀರ್ಮಾನಿಸಿ, ಕೋಳಿ ಕೂಗುವ ಮೊದಲೇ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಮೂಸಿಗೀಸೀರಿ ಮತ್ತೆ," ಎಂದಳು ಅಜ್ಜಿ. "ಮೂಸಿದ ಹೂ ಎಂಜಲು. ಲಕ್ಕವ್ವಗೆ ಆಗಲ್ಲ."

ಗುಡ್ಡದ ದಾರಿಯಲ್ಲಿ ಇಬ್ಬನಿಗೆ ಲಂಗದ ಅಂಚು ಒದ್ದೆಯಾಗಿ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ತುಳಿದ ಕಾಚಿ ಹುಲ್ಲಿನಿಂದ ನಿಂಬೆಯಂಥ ವಾಸನೆ ಏಳುತ್ತಿತ್ತು. ನಾನು ಮುಂದೆ ಓಡುವುದು, ಮತ್ತೆ ಹಿಂದೆ ಬರುವುದು.

"ಲೇ ಪುಟ್ಟಿ, ಕುರಿಮರಿನೂ ಇಷ್ಟು ನೆಗೆಯಲ್ಲ. ಗುಡ್ಡ ಏನು ಓಡಿ ಹೋಗ್ತೈತಾ?" ಎಂದ ತಿಪ್ಪೇಶಣ್ಣ.

ಅವನು ಸಾವಧಾನವಾಗಿ ಬುಟ್ಟಿ ತುಂಬ ತಂಗಡಿ ಹೂ ತುಂಬಿಕೊಂಡು, ಬಂಡೆಯ ಮೇಲೆ ಕುಳಿತು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚತೊಡಗಿದ. ನಾನು ಇನ್ನೂ ಮೇಲೆ ಹತ್ತಿದೆ. ಅಲ್ಲಿ ಎರಡು ಬಂಡೆಗಳ ಸೀಳಿನಲ್ಲಿ ಅದು ಕಂಡಿತು. ಉಗುರಿನಷ್ಟಗಲದ ನೀಲಿ ಹೂ, ನಡುವೆ ಅರಿಸಿನದ ಚುಕ್ಕಿ. ಊರಲ್ಲಾಗಲಿ ಹೊಲದಲ್ಲಾಗಲಿ ಅಂಥದ್ದನ್ನು ನಾನು ಕಂಡಿರಲಿಲ್ಲ. ಇದ್ದದ್ದೇ ಒಂದು ಗೊಂಚಲು. ಅದನ್ನು ಕಿತ್ತೆ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಮೂಗು ಅದರೊಳಗಿತ್ತು.

ಸುತ್ತ ನೋಡಿದೆ. ಮೇಲೆ ಒಂದು ಹದ್ದು ಮಾತ್ರ ಇತ್ತು.

ಇಳಿಯುವ ದಾರಿಯುದ್ದಕ್ಕೂ ಬುಟ್ಟಿ ಈ ಕೈಯಿಂದ ಆ ಕೈಗೆ ಬದಲಾಗುತ್ತಲೇ ಇತ್ತು. ಮೂಗಿನ ತುದಿಗೆ ಹೂವಿನ ಪುಡಿ ಹತ್ತಿದೆಯೇನೋ ಎಂದು ಹತ್ತು ಸಲ ಒರೆಸಿಕೊಂಡೆ.

"ಬಾಲ ಸುಟ್ಟ ಬೆಕ್ಕಿನಂಗೆ ಯಾಕೆ ಆಡ್ತೀಯ?" ಎಂದ ತಿಪ್ಪೇಶಣ್ಣ.

"ಮುಳ್ಳು ಚುಚ್ಚೈತೆ."

"ಮೂಗಿಗಾ?"

ನಾನು ಬುಟ್ಟಿ ಎತ್ತಿಕೊಂಡು ಮುಂದೆ ಓಡಿದೆ.

ಅಂಗಳದಲ್ಲಿ ಲಕ್ಕವ್ವ ಸಿದ್ಧಳಾಗಿದ್ದಳು. ಅಜ್ಜಿ ತಂಗಡಿ ಹೂ ನೋಡಿ ತಲೆಯಾಡಿಸಿದಳು. ನನ್ನ ನೀಲಿ ಗೊಂಚಲು ಕಂಡು ಅವಳ ಕೈ ನಿಂತಿತು.

"ಏನೇ ಇದು! ನಾನು ಈ ಮನೆಗೆ ಬಂದು ಇಷ್ಟು ವರ್ಷಾತು, ಇಂಥದ್ದು ನೋಡಿಲ್ಲ. ಬಾ, ನೀನೇ ಮುಡಿಸುವಂತೆ."

ನಾನು ಮಂಡಿಯೂರಿದೆ. ಗೊಂಚಲು ಲಕ್ಕವ್ವನ ನೆತ್ತಿಗೆ ಒಂದು ಗೇಣು ದೂರವಿತ್ತು.

"ಇಷ್ಟು ಚೆಂದ ಐತೆ," ಎಂದಳು ಅಜ್ಜಿ ತನ್ನಷ್ಟಕ್ಕೆ. "ಘಮನೂ ಇರಬೇಕು."

"ಇಲ್ಲಜ್ಜಿ, ಒಂಚೂರೂ ಇಲ್ಲ," ಎಂದೆ ನಾನು.

ತಿಪ್ಪೇಶಣ್ಣ ಗೋಡೆಯ ಕಡೆ ತಿರುಗಿದ. ಅವನ ಹೆಗಲು ಕುಣಿಯುತ್ತಿತ್ತು.

ಅಜ್ಜಿ ಬಯ್ಯಲಿಲ್ಲ. ಗೊಂಚಲನ್ನು ನನ್ನ ಕೈಯಿಂದ ತೆಗೆದುಕೊಂಡು ನನ್ನ ಜಡೆಗೆ ಸಿಕ್ಕಿಸಿ, "ಇದು ನಿಂದೇ ಬಿಡು. ತಿಪ್ಪೇಶ, ಬಾರಪ್ಪ," ಎಂದಳು. ಅವನು ತಂಗಡಿ ಮುಡಿಸಿದ. ನಾನು ಜಡೆ ತುಂಬ ಕಾಡಿನ ಹೂ ಮುಡಿದು, ಹೋಳಿಗೆ ಬಡಿಸುವವರೆಗೂ ಅತ್ತೆ.

ಈಗ ಹಬ್ಬದ ಹಿಂದಿನ ದಿನ ಹೊಳಲ್ಕೆರೆಯ ಸರ್ಕಲ್ಲಿನಲ್ಲೇ ಕಾಡುಹೂವಿನ ಕಟ್ಟು ಸಿಗುತ್ತದೆ. ಯಾರು ಕಿತ್ತರೋ, ಯಾರು ಮೂಸಿದರೋ ಕೇಳುವ ಅಜ್ಜಿ ಇಲ್ಲ. ಗುಡ್ಡದ ನೆತ್ತಿಗೆ ಗಾಳಿ ಯಂತ್ರಗಳು ಬಂದಿವೆ, ಅವುಗಳಿಗೆ ರಸ್ತೆಯೂ ಬಂದಿದೆ. ಹೋದ ವರ್ಷ ತಿಪ್ಪೇಶಣ್ಣನೂ ನಾನೂ ಮೊಣಕಾಲು ಹಿಡಿದುಕೊಂಡು ಹತ್ತಿ, ಅರ್ಧ ದಿನ ಹುಡುಕಿದೆವು. ಆ ಎರಡು ಬಂಡೆ ಸಿಗಲಿಲ್ಲ.

ಆ ಹೂವಿನ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ವಾಸನೆ ಇರಲಿಲ್ಲ.